ಹಗೇವಿನ ಬಾಯಿಗೆ ಕೂತವಳು

ನನ್ನ ತಮ್ಮನಿಗೆ ಹಾವಿನ ಭಯವಿರಲಿಲ್ಲ. ಬೂದಿಕೋಟೆ ಪಕ್ಕದ ನಮ್ಮೂರಿನಲ್ಲಿ ಯಾರ ಕೊಟ್ಟಿಗೆಯಲ್ಲಿ ಹಾವು ಕಂಡರೂ ಅವನನ್ನೇ ಕೂಗುತ್ತಿದ್ದರು. ಬಾಲ ಹಿಡಿದು ಎತ್ತಿ, ಬೇಲಿಯಾಚೆ ಬಿಸಾಕಿ, ಬಂದು ಮುದ್ದೆಗೆ ಕೂರುವ ಗಂಡು. ಸ್ಮಶಾನದ ದಾರಿಯಲ್ಲಿ ಒಬ್ಬನೇ ನಡೆಯುತ್ತಿದ್ದ. ಹಾಯುವ ಹೋರಿಯ ಮೂಗುದಾರಕ್ಕೆ ಕೈ ಹಾಕುತ್ತಿದ್ದ. ಅಂಥವನು ಮುಚ್ಚಿದ ಬಾಗಿಲಿಗೆ ಹೆದರುತ್ತಿದ್ದ. ನಗಬೇಡಿ. ನಾವು ನಕ್ಕಿದ್ದೇ ಸಾಕು.

ಈಗ ಅದಕ್ಕೆ ಫೋಬಿಯಾ ಅನ್ನುತ್ತಾರಂತೆ. ಡಾಕ್ಟರು ಎದುರಿಗೆ ಕೂರಿಸಿಕೊಂಡು, ಯಾವಾಗಿನಿಂದ, ಹೇಗಾಗುತ್ತದೆ, ಏನು ಅನ್ನಿಸುತ್ತದೆ ಎಂದು ನಯವಾಗಿ ಕೇಳುತ್ತಾರಂತೆ. ನಮ್ಮ ಕಾಲದಲ್ಲಿ ಅದಕ್ಕಿದ್ದ ಹೆಸರು ಕಳ್ಳಾಟ. ನಮ್ಮ ಮನೆಯಲ್ಲಿ ಆ ಹೆಸರು ಇಟ್ಟವಳು ನಾನೇ. ಅವನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಅಪ್ಪ ಇಲ್ಲದ ಮನೆಯ ಹಿರಿಮಗಳು, ನನ್ನ ಬಾಯಿಗೆ ಎದುರು ಹೇಳುವವರೇ ಇರಲಿಲ್ಲ.

ಏನಾಗಿ ಬಂತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಅವನು ಬಾವಿಗೆ ಬಿದ್ದವನಲ್ಲ, ಎಲ್ಲೂ ಸಿಕ್ಕಿಹಾಕಿಕೊಂಡವನಲ್ಲ. ಕೆಲವರಿಗೆ ಬದನೆಕಾಯಿ ಸೇರುವುದಿಲ್ಲ, ಅದಕ್ಕೆ ಕಾರಣ ಕೇಳುತ್ತೇವೆಯೇ? ಅವನು ಮಳೆಗಾಲದಲ್ಲೂ ಜಗುಲಿಯ ಮೇಲೆ ಮಲಗುತ್ತಿದ್ದ. ಬಚ್ಚಲ ಬಾಗಿಲಿಗೆ ಕಲ್ಲು ಅಡ್ಡ ಇಟ್ಟುಕೊಂಡು ಸ್ನಾನ ಮಾಡುತ್ತಿದ್ದ. ದೇವಸ್ಥಾನದಲ್ಲಿ ಹೊರಗಿನ ಕಂಬದ ಹತ್ತಿರ ನಿಂತೇ ಕೈ ಮುಗಿಯುತ್ತಿದ್ದ. ಊರಿನ ಯಾವ ಮನೆಗೆ ಚಿಲಕ ಒಳಗಿದೆ, ಯಾವುದಕ್ಕೆ ಹೊರಗಿದೆ ಎಂಬುದು ಅವನಿಗೆ ಬಾಯಿಪಾಠ. ಬಂಗಾರಪೇಟೆಗೆ ಹೋಗುವ ಬಸ್ಸಿನಲ್ಲಿ ಬಾಗಿಲ ಹತ್ತಿರ ಜಾಗ ಸಿಗದಿದ್ದರೆ, "ಯಾಕೋ ನಡೀಬೇಕು ಅನ್ನಿಸ್ತೈತೆ" ಎಂದು ನಗುನಗುತ್ತಾ ನಡೆದೇ ಬಿಡುತ್ತಿದ್ದ. ಭಯಕ್ಕಿಂತ ಅದನ್ನು ಮುಚ್ಚಿಡುವ ಕೆಲಸವೇ ಅವನಿಗೆ ದೊಡ್ಡದಾಗಿತ್ತು.

ನನ್ನ ಹತ್ತಿರ ಮುಚ್ಚಿಡಲು ಆಗುತ್ತಿರಲಿಲ್ಲ. ನನಗೆ ಅದೊಂದು ಆಟ. ಹಿಂದಿನಿಂದ ಹೋಗಿ ತಲೆಯ ಮೇಲೆ ಕಂಬಳಿ ಎಸೆದು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಅವನು ಕಿರುಚುತ್ತಾ ಅಂಗಳದಲ್ಲಿ ಗಿರಗಿರ ತಿರುಗುವುದನ್ನು ನೋಡಲು ಓಣಿಯ ಹುಡುಗಿಯರನ್ನೆಲ್ಲ ಕರೆಯುತ್ತಿದ್ದೆ. ಬಿಟ್ಟ ಮೇಲೆ ಅವನು ನನ್ನನ್ನು ಹೊಡೆಯಲು ಬರುತ್ತಿರಲಿಲ್ಲ. ಸುಧಾರಿಸಿಕೊಂಡು, "ಇನ್ನೊಂದ್ಸಲ ಬ್ಯಾಡ ಕಣಕ್ಕಾ" ಅನ್ನುತ್ತಿದ್ದ, ಅಷ್ಟೇ. ಅಕ್ಕ ಅಂದರೆ ಅವನಿಗೆ ಪ್ರಾಣ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನನ್ನು ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರಿಗೆ ಕೊಟ್ಟರು. ರಾಬರ್ಟ್‌ಸನ್‌ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕೆಲಸಗಾರರ ಲೈನು ಮನೆ. ಒಂದೇ ಗೋಡೆಗೆ ಅಂಟಿಕೊಂಡು ಇಪ್ಪತ್ತು ಮನೆ, ಎಲ್ಲಕ್ಕೂ ಸೇರಿ ಒಂದು ನಲ್ಲಿ. ಆ ನಲ್ಲಿಯ ಹತ್ತಿರ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಮಾನ ಕಳೆಯುತ್ತಿದ್ದರು. ಐವತ್ತರ ದಶಕದ ನಡುವಿನಲ್ಲಿ ನಮ್ಮ ಯಜಮಾನರು ಮೇಸ್ತ್ರಿಯ ಕೈಕಾಲು ಹಿಡಿದು ನನ್ನ ತಮ್ಮನಿಗೂ ಒಳಗಿನ ಕೆಲಸ ಮಾಡಿಸಿಕೊಟ್ಟರು. ಅವನಿಗಾಗ ಇಪ್ಪತ್ತು, ಬಂದು ನಮ್ಮ ಮನೆಯಲ್ಲೇ ಉಳಿದ. ನಾನು ನಲ್ಲಿಯ ಹತ್ತಿರ ಎಲ್ಲರಿಗೂ ಬೆಲ್ಲ ಹಂಚಿದೆ.

ಗಣಿಗೆ ಇಳಿಸುವ ಕೇಜು ಅಂದರೆ ಒಂದು ಕಬ್ಬಿಣದ ಪೆಟ್ಟಿಗೆ. ಕುರಿ ತುಂಬಿದ ಹಾಗೆ ಆಳುಗಳನ್ನು ತುಂಬಿ, ಗೇಟು ಎಳೆದು, ಗಂಟೆ ಹೊಡೆದರೆ ಕತ್ತಲೆಯೊಳಕ್ಕೆ ಸೊಯ್ಯನೆ ಇಳಿಯುತ್ತದೆ. ಮೊದಲ ದಿನ ಗೇಟು ಎಳೆಯುವವರೆಗೆ ನನ್ನ ತಮ್ಮ ಸರಿಯಾಗಿಯೇ ಇದ್ದನಂತೆ. ಎಳೆದದ್ದೇ ತಡ, ಪಕ್ಕದವರ ಹೆಗಲ ಮೇಲೆ ಹತ್ತಿ, ಗೇಟಿನವನ ಕೈ ಕಚ್ಚಿ, ಕೋಣನ ಹಾಗೆ ಅರಚಿದನಂತೆ. ಗಂಟೆ ನಿಲ್ಲಿಸಿ ಅವನನ್ನು ಈಚೆಗೆ ತಳ್ಳಿದರು. ಚಡ್ಡಿ ಒದ್ದೆಯಾಗಿತ್ತು. ಒಂದು ಶಿಫ್ಟಿನ ಜನ ಪೂರ್ತಿ ನಿಂತು ನಕ್ಕಿತು. ಸಂಜೆಯೊಳಗೆ ಅವನಿಗೊಂದು ಹೆಸರು ಬಂತು: ಪಯಂದಾಂಗೊಳ್ಳಿ. ತಮಿಳಿನಲ್ಲಿ ಪುಕ್ಕಲ ಎಂದು. ಲೈನಿನ ಮಕ್ಕಳು ಅದನ್ನು ಹಾಡಿಕೊಂಡು ಅವನ ಹಿಂದೆ ಓಡುತ್ತಿದ್ದವು.

ಆಮೇಲೆ ನಾಲ್ಕು ದಿನ ಬುತ್ತಿ ಹಿಡಿದು ಸೈರನ್ನಿಗೆ ಸರಿಯಾಗಿ ಹೊರಟ, ಸರಿಯಾಗಿ ಬಂದ. ಪರವಾಗಿಲ್ಲ, ಹುಡುಗ ದಾರಿಗೆ ಬಂದ ಅಂದುಕೊಂಡೆ. ಯಜಮಾನರಿಗೆ ಆ ವಾರ ರಾತ್ರಿ ಶಿಫ್ಟು, ಅವರ ಕಣ್ಣಿಗೂ ಬಿದ್ದಿರಲಿಲ್ಲ. ಐದನೆಯ ದಿನ ನಲ್ಲಿಯ ಹತ್ತಿರ ಒಬ್ಬಳು, "ನಿನ್ ತಮ್ಮ ಪ್ಯಾಟೇಲಿ ಈರುಳ್ಳಿ ಮೂಟೆ ಮ್ಯಾಲೆ ಕುಂತವ್ನೆ, ಯಾಪಾರ ಸುರು ಮಾಡವ್ನಾ?" ಎಂದು ಕೇಳಿದಳು. ಸುತ್ತ ನಿಂತವರು ಸೆರಗು ಬಾಯಿಗೆ ಅಡ್ಡ ಹಿಡಿದರು. ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಬಂದೆ.

ಅವನು ಬಂದ ಕೂಡಲೇ ಬುತ್ತಿಯ ಡಬ್ಬಿ ಕಿತ್ತು ಗೋಡೆಗೆ ಎಸೆದೆ.

"ಸುಳ್ಳು ಬೇರೆ ಯೋಳ್ತೀಯೇನ್ಲಾ?"

ಅವನು ಚೆಲ್ಲಿದ ಅನ್ನವನ್ನು ಕೈಯಲ್ಲಿ ಬಳಿಯುತ್ತಾ ಹೇಳಿದ: "ಅಕ್ಕಾ, ಕೇಜು ಬೀಳಲ್ಲ ಅಂತ ನಂಗೊತ್ತು. ಬಾವ ದಿನಾ ಓಗಿ ಬತ್ತಾರೆ. ತಲೇಗೆ ಗೊತ್ತಾಗ್ತೈತೆ, ಮೈಗೆ ಗೊತ್ತಾಗಲ್ಲ. ಗೇಟು ಎಳೀತಿದ್ದಂಗೆ ಉಸುರು ಗಂಟ್ಲಲ್ಲೇ ನಿಂತೋಗ್ತೈತೆ. ಸತ್ತೋಗ್ತೀನಿ ಅನ್ನಿಸ್ತೈತೆ."

"ಸಾಯಿ ಮತ್ತೆ! ಸತ್ತೋದ್ರೆ ಗಂಡಸಂಗೆ ಸತ್ತ ಅಂತಾದ್ರೂ ಅಂತಾರೆ."

ಇಷ್ಟು ವರ್ಷದಲ್ಲಿ ಅವನ ಆ ಮಾತಿಗಿಂತ ಚೆನ್ನಾಗಿ ಯಾವ ಡಾಕ್ಟರೂ ಹೇಳಿದ್ದನ್ನು ನಾನು ಕೇಳಿಲ್ಲ. ತಲೆಗೆ ಗೊತ್ತಾಗುತ್ತದೆ, ಮೈಗೆ ಗೊತ್ತಾಗುವುದಿಲ್ಲ. ಅವನು ಎಲ್ಲವನ್ನೂ ಬಿಡಿಸಿ ಹೇಳಿದ್ದ, ನಾನು ಸಾಯಿ ಅಂದೆ.

ನಮ್ಮ ಯಜಮಾನರು ನನ್ನಂಥವರಲ್ಲ. "ಬುಡಮ್ಮಿ," ಅಂದರು. "ಮ್ಯಾಲೆ ಕಲ್ಲು ಅರಿಯೋ ಮಿಲ್ಲಲ್ಲಿ ಏನಾರಾ ಕೆಲಸ ಕೇಳಾಣ. ಒಳಿಕ್ಕೆ ಇಳಿಯೋರಿಗೆಲ್ಲಾ ಬಯ ಐತೆ. ನಮ್ದು ಒಟ್ಟೇಲೈತೆ, ಇವುಂದು ಮೈಮ್ಯಾಲೆ ಬಂದೈತೆ, ಅಷ್ಟೇಯ." ಮೇಸ್ತ್ರಿಯೂ ಕೆಟ್ಟವನಲ್ಲ, ಬರುವ ಸೋಮವಾರದವರೆಗೆ ಹೆಸರು ಹೊಡೆದುಹಾಕುವುದಿಲ್ಲ ಅಂದಿದ್ದ. ಮೇಲಿನ ಕೆಲಸಕ್ಕೆ ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪುಕ್ಕಲನ ಅಕ್ಕ ಎಂದು ಅನ್ನಿಸಿಕೊಂಡು ನಲ್ಲಿಯ ಹತ್ತಿರ ಬಿಂದಿಗೆ ಇಡುವವಳು ಯಾರು? ಅವನು ಇಳಿಯಲೇಬೇಕು, ಅದೂ ಸೋಮವಾರವೇ ಇಳಿಯಬೇಕು, ಎಂದು ನಾನು ಹಟ ಹಿಡಿದೆ. ದಾರಿಯನ್ನೂ ನಾನೇ ಕಂಡುಹಿಡಿದೆ.

ನಮ್ಮ ಕಡೆ ರಾಗಿಯನ್ನು ನೆಲದೊಳಗೆ ಹಗೇವಿನಲ್ಲಿ ಇಡುತ್ತಿದ್ದರು. ಮನೆಯ ಮುಂದೆ, ಒಳಗೆ ನಿಂತು ಕೈಯೆತ್ತಿದರೆ ಅಂಚು ಸಿಗುವಷ್ಟು ಆಳಕ್ಕೆ ತೋಡಿದ ಗುಂಡಿ. ಮೇಲೆ ಒಬ್ಬ ಆಳು ತೂರುವಷ್ಟು ಬಾಯಿ, ಒಳಗೆ ಹರವಿಯ ಹೊಟ್ಟೆಯಂತೆ ಅಗಲ. ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಅದು ಅವರೇಕಾಯಿಯ ಕಾಲ. ಹೊಸ ರಾಗಿ ಕಣದಲ್ಲಿತ್ತು, ಹಗೇವು ಖಾಲಿ ಬಿದ್ದಿತ್ತು. ಹೋರಿಕರುವನ್ನು ನೊಗಕ್ಕೆ ಪಳಗಿಸುವವರು ನಾವು. ಕಟ್ಟಿಹಾಕಿ ಬಿಟ್ಟರೆ ಒದ್ದಾಡುವಷ್ಟು ಒದ್ದಾಡುತ್ತದೆ, ನಡುವೆ ಬಿಚ್ಚಬಾರದು. ಒದ್ದಾಟ ನಿಂತು ಸುಮ್ಮನಾಯಿತೆಂದರೆ ಪಳಗಿತು ಎಂದು ಲೆಕ್ಕ. ಮನುಷ್ಯನ ಭಯಕ್ಕೂ ಅದೇ ಲೆಕ್ಕ ಹಾಕಿದೆ. ಹಗೇವಿನಲ್ಲಿ ಒಂದು ಹಗಲು ಕೂತವನಿಗೆ ಕೇಜು ಯಾವ ಮಹಾ?

ಭಾನುವಾರ ಬೆಳಿಗ್ಗೆ ಅವನನ್ನು ಕರೆದುಕೊಂಡು ಊರಿಗೆ ಹೋದೆ. ಮೊದಲೇ ಹೇಳಿ ಕಳಿಸಿದ್ದೆ; ಅಮ್ಮ ಹಿಂದಿನ ದಿನವೇ ಕಲ್ಲು ಸರಿಸಿ ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟಿದ್ದಳು. ನಮ್ಮ ಸೋದರಮಾವ ಲಾಂದ್ರವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡಿದರು. ದೀಪ ಆರಲಿಲ್ಲ. ನಾವೇನು ಅವನನ್ನು ಕೊಲ್ಲಲು ಹೊರಟಿದ್ದೆವೇ? ಎಲ್ಲವನ್ನೂ ಜೋಪಾನವಾಗಿ ಮಾಡಿದೆವು.

ಒಳಗಿನ ಹಳೇ ಹುಲ್ಲು ಈಚೆಗೆ ಹಾಕಬೇಕು ಎಂದು ಅವನಿಗೆ ಹೇಳಿದೆ. ಅವನು ಗುಂಡಿಯ ಬಾಯಿ ನೋಡಿದ, ನನ್ನ ಮುಖ ನೋಡಿದ.

"ನೀನು ಇಲ್ಲೇ ನಿಂತಿರ್ತೀಯಾ?"

"ಇಲ್ಲೇ ಇರ್ತೀನಿ ಕಣ್ಲಾ. ಮಾತಾಡ್ತಾನೇ ಇರ್ತೀನಿ. ಆಕಾಶ ಕಾಣ್ತಾ ಇರ್ತೈತೆ, ಬಯ ಯಾಕೆ?"

"ಕಲ್ಲು ಮುಚ್ಚಲ್ವಾ?"

"ನನ್ನಾಣೆ ಮುಚ್ಚಲ್ಲ."

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ನನ್ನನ್ನು ನಂಬಿ ಇಳಿದ. ಹುಲ್ಲು ಕಟ್ಟಿ ಕಳಿಸಲು ಹಗ್ಗ ಬಿಚ್ಚಿಕೋ ಅಂದೆ, ಬಿಚ್ಚಿದ. ಮೊದಲ ಕಂತೆ ಮೇಲೆ ಬಂತು. ನಾನು ಮಾವನಿಗೆ ಕಣ್ಸನ್ನೆ ಮಾಡಿದೆ. ಇಬ್ಬರೂ ಸೇರಿ ಚಪ್ಪಡಿ ಎಳೆದೆವು. ಉಸಿರಿಗೆಂದು ನಾಲ್ಕು ಬೆರಳಗಲ ಸಂದು ಬಿಟ್ಟೆವು. ಎಲ್ಲಿ ಅಮ್ಮ ಕರಗಿ ಸರಿಸಿಬಿಡುತ್ತಾಳೋ ಎಂದು ನಾನೇ ಹೋಗಿ ಕಲ್ಲಿನ ಮೇಲೆ ಕೂತೆ. ಸುಮ್ಮನೆ ಕೂತು ಏನು ಮಾಡಲಿ ಎಂದು ಮೊರದ ತುಂಬ ಅವರೇಕಾಯಿ ತರಿಸಿಕೊಂಡು ಸುಲಿಯತೊಡಗಿದೆ.

"ಅಕ್ಕಾ, ತಮಾಸೆ ಸಾಕು," ಎಂದು ಮೊದಲು ನಗಲು ನೋಡಿದ. ಆಮೇಲೆ, "ಅಕ್ಕಾ, ಕಲ್ಲು ತೆಗಿ." ಆಮೇಲೆ ಅದನ್ನೇ ಇಪ್ಪತ್ತು ಸಲ, ಐವತ್ತು ಸಲ. "ಕೇಜಿಗೆ ಇಳೀತೀನಿ, ನಾಳೇನೇ ಇಳೀತೀನಿ, ನಿನ್ ಕಾಲಿಗೆ ಬೀಳ್ತೀನಿ."

ಅಮ್ಮ ಎದ್ದು ಬಂದಳು. "ತೆಗಿಯೇ. ಇಳೀತೀನಿ ಅಂತವ್ನಲ್ಲೇ."

"ಈಗ ತೆಗುದ್ರೆ ನಾಳೆ ಮತ್ತೆ ಅದೇ ಆಟ. ನೀನು ಒಳಿಕ್ಕೋಗಮ್ಮ, ಕರುಳು ಇಡ್ಕೊಂಡು ಕುಂತ್ರೆ ಮಕ್ಕಳು ಉದ್ಧಾರ ಆಗಲ್ಲ."

ಆಮೇಲೆ ಮಾತು ಹೋಗಿ ಬರೀ ಕೂಗು ಉಳಿಯಿತು. ದನ ಒದರಿದ ಹಾಗೆ. ಕಲ್ಲಿನ ಅಡಿಯಲ್ಲಿ ಪರಪರ ಕೆರೆಯುವುದು ನನ್ನ ತೊಡೆಗೆ ತಿಳಿಯುತ್ತಿತ್ತು. ಓಣಿಯ ಹೆಂಗಸರು ಬಂದು ವಿಚಾರಿಸಿದರು, ಹೇಳಿದೆ, ಭಲೇ ಅಂದರು. ಇಬ್ಬರು ಕೂತು ನನ್ನ ಜೊತೆ ಕಾಯಿ ಸುಲಿದರು. ಯಾರ ಮಗಳಿಗೆ ಯಾವ ಊರಿನಲ್ಲಿ ಗಂಡು ನೋಡಿದ್ದಾರೆ ಎಂದು ಮಾತಾಡಿದೆವು. ಸಿಪ್ಪೆ ಸಂದಿನಲ್ಲಿ ಒಳಗೆ ಉದುರುತ್ತಿತ್ತು, ನಾನು ಗಮನಿಸಲಿಲ್ಲ.

ಊಟದ ಹೊತ್ತಿಗೆ ಕೂಗು ನಿಂತಿತು. ನನಗೆ ಎಷ್ಟು ಖುಷಿಯಾಯಿತು ಗೊತ್ತೇ? "ನೋಡ್ದಾ ಅಮ್ಮ, ಬಯ ಇಳೀತು," ಅಂದೆ. ಗಟ್ಟಿಯಾಗಲಿ ಎಂದು ದನ ಮನೆಗೆ ಬರುವ ಹೊತ್ತಿನವರೆಗೂ ಬಿಟ್ಟೆ.

ಕಲ್ಲು ಸರಿಸಿದಾಗ ಅವನು ಗೋಡೆಗೆ ಒರಗಿ ಮೇಲೆ ನೋಡುತ್ತಾ ಕೂತಿದ್ದ. ಹಗ್ಗ ಇಳಿಬಿಟ್ಟರೆ ಕೈಚಾಚಲಿಲ್ಲ. ಹಿಡ್ಕೋ ಅಂದ ಮೇಲೆ ಹಿಡಿದ. ಎರಡು ಬೆರಳಿನ ಉಗುರು ಇರಲಿಲ್ಲ. ತಲೆಯ ತುಂಬ ಅವರೇಕಾಯಿ ಸಿಪ್ಪೆ. ಅಮ್ಮ ಅಳುತ್ತಾ ಬಿಸಿನೀರು ಹಾಕಿದಳು. ಅವನು ಅಳಲಿಲ್ಲ, ಬಯ್ಯಲಿಲ್ಲ, ಕೊಟ್ಟ ಮುದ್ದೆ ತಿಂದ. ಬಂಗಾರಪೇಟೆಯಲ್ಲಿ ರೈಲು ಹತ್ತುವಾಗ ನಾನು ಬೇಕೆಂದೇ ಕಿಟಕಿ ಮುಚ್ಚಿದ್ದ ಮೂಲೆ ತೋರಿಸಿ ಕೂತ್ಕೋ ಅಂದೆ. ಕೂತ. ನನ್ನ ಎದೆ ಉಬ್ಬಿಹೋಯಿತು.

ಸೋಮವಾರ ಕೇಜಿಗೆ ಹತ್ತಿದ. ಗೇಟು ಎಳೆದರು, ಗಂಟೆ ಹೊಡೆದರು, ಪಿಟ್ಟೆನ್ನಲಿಲ್ಲ. ನಮ್ಮ ಯಜಮಾನರು ಸಂಜೆ ಬಂದು ನನ್ನನ್ನು ಒಂದು ಥರ ನೋಡಿ, "ಏನ್ ಮಾಡ್ದೆ ಅವುನ್ಗೆ?" ಎಂದು ಕೇಳಿದರು. ಹೇಳಿದೆ. ಅವರು ಊಟ ಬಿಟ್ಟು ಎದ್ದು ಹೋದರು. ಗಂಡಸರಿಗೆ ಇದೆಲ್ಲ ತಿಳಿಯುವುದಿಲ್ಲ ಅಂದುಕೊಂಡೆ. ನಲ್ಲಿಯ ಹತ್ತಿರ ಮಾತ್ರ ನನ್ನ ದರ್ಬಾರು ನಡೆಯಿತು. ಕತ್ತಲೆಗೆ ಹೆದರುವ ಮಗುವಿನ ತಾಯಿ, ನಾಯಿಗೆ ಹೆದರುವ ಸೊಸೆಯ ಅತ್ತೆ, ಎಲ್ಲರೂ ನನ್ನನ್ನು ಕೇಳುವವರೇ. ಬಾಯಿಬಡಿದುಕೊಂಡರೆ ಕಿವಿಗೊಡಬೇಡಿ ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದೆ. ಎಷ್ಟು ಮನೆಯಲ್ಲಿ ಎಷ್ಟು ಮಕ್ಕಳನ್ನು ಕೂಡಿಹಾಕಿದರೋ ದೇವರೇ ಬಲ್ಲ.

ಹೀಗೆ ಆರು ವರ್ಷ. ನನ್ನ ತಮ್ಮನಂಥ ಸಾಧು ಲೈನಿನಲ್ಲೇ ಇರಲಿಲ್ಲ. ಒಳಗೆ ಮಲಗು ಅಂದರೆ ಒಳಗೆ ಮಲಗುತ್ತಿದ್ದ. ಬಾಗಿಲು ಹಾಕಿದರೆ ಕೈ ಎರಡೂ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದ. ಸಾರಿಗೆ ಉಪ್ಪು ಮರೆತ ದಿನವೂ ಸುಮ್ಮನೆ ಉಂಡು ಏಳುತ್ತಿದ್ದ. ಅವನು ಉಪ್ಪು ಕೇಳುವುದಿಲ್ಲ, ನೀರು ಕೇಳುವುದಿಲ್ಲ, ಜ್ವರ ಬಂದರೆ ಹೇಳುವುದಿಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಹೊಳೆದಾಗಲೂ ಅದನ್ನು ಒಳ್ಳೆಯ ಗುಣ ಅಂದುಕೊಂಡೆ. ಹೆಣ್ಣು ನೋಡಲು ಹೋದ ಕಡೆ ಅವರು, ಹುಡುಗನಿಗೆ ಮಾತು ಬರುತ್ತದೆಯೇ ಎಂದು ಮಾವನ ಕಿವಿಯಲ್ಲಿ ಕೇಳಿದರು.

ಅರವತ್ತರ ದಶಕ ಶುರುವಾದ ಮೇಲೆ ಒಂದು ದಿನ ಬೆಳಗಿನ ಶಿಫ್ಟಿನಲ್ಲಿ ಕೆಳಗೆ ಬಂಡೆ ಸಿಡಿಯಿತು. ನೆಲದೊಳಗೆ ಬಂಡೆ ತಾನಾಗಿ ಸಿಡಿಯುವುದು ಅಲ್ಲಿ ಇದ್ದದ್ದೇ, ಮೇಲೆ ನಮ್ಮ ಮನೆಯ ಪಾತ್ರೆ ಅಲುಗಾಡುತ್ತಿದ್ದವು. ಅವತ್ತು ಅಟ್ಟಣಿಗೆಯಿಂದ ಬಿದ್ದವು. ಹೆಂಗಸರೆಲ್ಲ ಒಲೆ ಬಿಟ್ಟು, ಕೇಜು ಇಳಿಯುವ ಶಾಫ್ಟಿನ ಬಾಯಿಯ ಹತ್ತಿರ ಓಡಿದೆವು. ನಾಲ್ಕು ಜನ ಸಿಕ್ಕಿಕೊಂಡಿದ್ದಾರೆ ಅಂದರು. ಅದರಲ್ಲಿ ನನ್ನ ತಮ್ಮ ಒಬ್ಬ.

ಹಾಗೆ ಸಿಕ್ಕಿಕೊಂಡವರು ಮಾಡುವುದು ಒಂದೇ: ಗೋಡೆಗುಂಟ ಹೋಗುವ ಗಾಳಿಯ ಪೈಪಿಗೆ ಕಲ್ಲಿನಿಂದ ಬಡಿಯುವುದು. ಈಚೆಯವರು ಪೈಪಿಗೆ ಕಿವಿಯಿಟ್ಟು ಕೇಳಿ, ಸದ್ದು ಬಂದ ಕಡೆ ಮೊದಲು ಅಗೆಯುತ್ತಾರೆ. ಮೂರು ಜನ ಒಂದು ಕಡೆ ಇದ್ದರು, ಬಡಿದರು, ಸಂಜೆಯೊಳಗೆ ಮೂವರನ್ನೂ ತಂದರು. ಇನ್ನೊಂದು ಕಡೆ ನನ್ನ ತಮ್ಮ ಒಬ್ಬನೇ. ಈಚೆಯಿಂದ ಬಡಿದರು, ಹೆಸರು ಹಿಡಿದು ಕೂಗಿದರು, ಸುಮ್ಮನೆ ನಿಂತು ಕಾದರು. ಉತ್ತರವಿಲ್ಲ. ಆ ಕಡೆ ಜೀವವಿಲ್ಲ, ಅವಸರವೇನಿಲ್ಲ ಎಂದು ತೀರ್ಮಾನವಾಯಿತು. ನಾನು ಎದೆ ಬಡಿದುಕೊಂಡು ಅತ್ತೆ.

ಮಾರನೆಯ ಮಧ್ಯಾಹ್ನ ಹೆಣ ತೆಗೆಯಲು ಹೋದವರಿಗೆ ಅವನು ಕಣ್ಣು ಬಿಟ್ಟುಕೊಂಡು ಸಿಕ್ಕಿದ. ಬಲಗಾಲಿನ ಮೇಲೆ ಬಂಡೆ. ಆಸ್ಪತ್ರೆಯಲ್ಲಿ ಮಂಡಿಯ ಮೇಲಕ್ಕೆ ಕತ್ತರಿಸಿದರು.

ಮೇಸ್ತ್ರಿ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದ: "ಪೈಪು ಕೈಗೆ ಸಿಗೋ ಅಂಗಿತ್ತಮ್ಮಾ. ಕಲ್ಲೂ ಪಕ್ಕದಾಗೇ ಇತ್ತು. ಒಂದೇ ಒಂದ್ಸಲ ಬಡ್ದಿದ್ರೆ ಅವತ್ತೇ ಬತ್ತಿದ್ವಿ. ಕಾಲು ಉಳೀತಿತ್ತು ಅಂತಾರೆ ಡಾಕ್ಟ್ರು. ಯಾಕೆ ಬಡೀಲಿಲ್ಲ, ಕೇಳಮ್ಮಾ ನೀನೇ."

ಕೇಳಲು ಹೋದೆ. ಬದುಕಿದನಲ್ಲ ಎಂದು ಕೈ ಮುಗಿಯಬೇಕಾದವಳು ಬಯ್ಯುವುದಕ್ಕೆ ಹೋದೆ. ಅವನ ಮಂಚದ ಪಕ್ಕ ನಿಂತು, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆ: "ಬಾಯಿ ಬಿದ್ದೋಗಿತ್ತೇನ್ಲಾ? ಕೈ ಬಿದ್ದೋಗಿತ್ತಾ? ಒಂದ್ಸಲ ಕೂಗಾಕೆ ಏನಾಗಿತ್ತು ನಿಂಗೆ?"

ಅವನು ಕೋಪವಿಲ್ಲದೆ, ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ.

"ಮಕದ ಮ್ಯಾಲೆ ಸಣ್ಣಸಣ್ಣದು ಉದುರ್ತಾ ಇತ್ತಕ್ಕಾ. ಕಲ್ಲುಪುಡಿ. ನಂಗೆ ಅವರೇಕಾಯಿ ಸಿಪ್ಪೆ ಅನ್ನಿಸ್ತು. ಅವರು ಮ್ಯಾಲಿಂದ ಕೂಗ್ತಿದ್ದಿದ್ದೂ ಕೇಳಿಸ್ತು. ಮ್ಯಾಲೆ ನೀನು ಕುಂತಿದ್ದೀಯ ಅಂತ ಗೊತ್ತಿತ್ತು. ಕೂಗಿದ್ರೆ ತೆಗೆಯಲ್ಲ. ಸುಮ್ಕಿದ್ರೆ ಸಂಜೀಗೆ ತೆಗೀತೀಯ."

ಅವನ ಭಯ ಹೋಗಿರಲೇ ಇಲ್ಲ. ಆರು ವರ್ಷ ದಿನಕ್ಕೆ ಎರಡು ಸಲ ಆ ಕೇಜಿನಲ್ಲಿ ಅದು ಅವನ ಜೊತೆ ಇಳಿದಿತ್ತು, ಹತ್ತಿತ್ತು. ನಾನು ಕಿತ್ತುಕೊಂಡದ್ದು ಅವನ ಕೂಗನ್ನು ಮಾತ್ರ.

ಅಷ್ಟರಲ್ಲಿ ನರ್ಸಮ್ಮ ಬಂದು, ಚಳಿಗಾಳಿ ಬರುತ್ತದೆ ಎಂದು ವಾರ್ಡಿನ ಬಾಗಿಲು ಮುಚ್ಚಿದಳು. ಅವನ ಎರಡು ಕೈಗಳೂ ಹೊದಿಕೆಯ ಮೇಲೆ ಮೆಲ್ಲಗೆ ಬಂದು ಕೂತವು. ನಾನು ಎದ್ದು ಹೋಗಿ ಬಾಗಿಲು ತೆರೆದೆ. ಅವಳು ಬಯ್ದು ಮತ್ತೆ ಮುಚ್ಚಿದಳು, ನಾನು ಮತ್ತೆ ತೆರೆದೆ. ಇನ್ನು ಯಾರು ಮುಚ್ಚುತ್ತಾರೋ ನೋಡೇ ಬಿಡೋಣ ಎಂದು ಹೊಸ್ತಿಲಿನ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು, ಕುಕ್ಕರಿಸಿ ಕೂತೆ.

ಮಂಚದ ಕಡೆಯಿಂದ ಏದುಸಿರು ಕೇಳಿಸಿತು. ನೋಡಿದರೆ ಅವನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ತೆರೆದ ಬಾಗಿಲನ್ನಲ್ಲ, ಅಲ್ಲಿ ಕೂತಿದ್ದ ನನ್ನನ್ನು ನೋಡುತ್ತಿದ್ದ.

"ಅಕ್ಕಾ," ಅಂದ. "ಅಲ್ಲಿ ಕುಂತ್ಕೋಬ್ಯಾಡ. ಏಳು."

ಆರು ವರ್ಷದಲ್ಲಿ ಅವನು ಬಾಯಿಬಿಟ್ಟು ನನ್ನನ್ನು ಕೇಳಿದ್ದು ಅದೊಂದೇ. ಎದ್ದೆ.